ಮೈಕ್‌ಸೆಟ್ ಮುರ್ತುಜಾಸಾಬರ ರವಿವಾರದ ಪಾಠ

ರವಿವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿಂದಗಿಯ ಹಳೆಯ ಕಾಲೇಜೊಂದರ ಮಾಳಿಗೆಯ ಮೇಲೆ ಮುರ್ತುಜಾಸಾಬ ಚಟ್ಟರಕಿ ಹಸಿ ಬಟ್ಟೆ ಹಿಡಿದು ಡಿಶ್ ಒರೆಸುತ್ತಿದ್ದಾರೆ. ರಾತ್ರಿಯ ಗಾಳಿಗೆ ಅದರ ತುಂಬ ಕೆಂಪು ಧೂಳು ಕೂತಿದೆ. ಸುತ್ತ ನಾಲ್ಕು ಗೂಟ ನಿಲ್ಲಿಸಿ ಹಳೆಯ ಕ್ಯಾಸೆಟ್ಟಿನ ಟೇಪು ಬಿಗಿದಿದ್ದಾರೆ. ಗಾಳಿ ಬಂದರೆ ಅದು ಫಡಫಡ ಅನ್ನುತ್ತದೆ, ಪಾರಿವಾಳ ಹತ್ತಿರ ಸುಳಿಯುವುದಿಲ್ಲ. "ಒಂದ್ ಕಾಲಕ್ಕ ಇದರಾಗ ಮದುವಿ ಹಾಡ ಇದ್ದವ್ರಿ," ಎನ್ನುತ್ತ ಬಟ್ಟೆ ಹಿಂಡುತ್ತಾರೆ. "ಈಗ ಹಕ್ಕಿ ಓಡಸ್ತಾವ."

ಈ ಡಿಶ್ಶಿನ ಕೆಳಗಿನ ಹಾಲಿನಲ್ಲಿ ರವಿವಾರಕ್ಕೊಮ್ಮೆ ಮುಕ್ತ ವಿಶ್ವವಿದ್ಯಾಲಯದ ಪಾಠ ನಡೆಯುತ್ತದೆ. ದೂರದ ಸ್ಟುಡಿಯೋದಲ್ಲಿ ಕೂತು ಮೇಡಂ ಪಾಠ ಹೇಳಿದರೆ ಅದೇ ಗಳಿಗೆಗೆ ಉಪಗ್ರಹದ ಮೂಲಕ ಇಲ್ಲಿನ ಟಿವಿಯಲ್ಲಿ ಕಾಣುತ್ತದೆ. ಸಂಶಯ ಬಂದವರು ಫೋನಿನಲ್ಲಿ ಕೇಳಬಹುದು. ಕೇಳಿದವರ ಧ್ವನಿ ಸ್ಟುಡಿಯೋಕ್ಕೆ ಹೋಗಿ ಎಲ್ಲ ಕೇಂದ್ರಗಳ ಟಿವಿಯಲ್ಲೂ ಮೊಳಗುತ್ತದೆ. ಮೇಡಂ ಇವರಿಗೆ ಕಾಣುತ್ತಾರೆ, ಇವರು ಮೇಡಂಗೆ ಕಾಣುವುದಿಲ್ಲ.

ಕಾಲೇಜಿನ ವಯಸ್ಸು ದಾಟಿ ಬಿ.ಎ. ಕಟ್ಟಿದವರೇ ಇಲ್ಲಿನ ವಿದ್ಯಾರ್ಥಿಗಳು. ಬಸವನ ಬಾಗೇವಾಡಿಯ ಬಟ್ಟೆ ಅಂಗಡಿಯವರಿದ್ದಾರೆ. ಮುದ್ದೇಬಿಹಾಳದ ಆಚೆ ತಂಗಡಗಿಯ ಕಸ್ತೂರೆವ್ವ ಹಿಂದಿನ ದಿನವೇ ಬಂದು ಸಿಂದಗಿಯ ನೆಂಟರ ಮನೆಯಲ್ಲಿ ಉಳಿಯುತ್ತಾರೆ. ಇಂಡಿ ಊರಿನ ಮೊದಲ ಬಸ್ಸಿನಿಂದ ಒಂದೇ ಮನೆಯ ಇಬ್ಬರು ಇಳಿಯುತ್ತಾರೆ: ಅಂಗನವಾಡಿಯ ರಾಜೇಶ್ವರಿ ಮತ್ತು ಅವಳ ಗಂಡನ ಅಣ್ಣ, ಬಸ್ ಕಂಡಕ್ಟರ್ ಗುರುಲಿಂಗಪ್ಪ. ಭಾವ ಮುಂದಿನ ಬಾಗಿಲಿಂದ ಇಳಿದರೆ ರಾಜೇಶ್ವರಿ ಹಿಂದಿನ ಬಾಗಿಲಿಂದ ಇಳಿಯುತ್ತಾಳೆ. ಹಾಲಿನಲ್ಲಿ ಅವರದು ಮುಂದಿನ ಬೆಂಚು, ಇವಳದು ಹಿಂದಿನದು.

ಮುರ್ತುಜಾಸಾಬರು ಈ ಹಾಲಿಗೆ ಬಂದದ್ದು ಮೂರು ವರ್ಷದ ಹಿಂದೆ. ಅದಕ್ಕೂ ಮೊದಲು ಸೈಕಲ್ಲಿಗೆ ಮೈಕ್‌ಸೆಟ್ಟಿನ ದೊಡ್ಡ ಹಾರ್ನ್ ಕಟ್ಟಿಕೊಂಡು ಮದುವೆ, ಉರುಸು, ಶಾಲೆಯ ಗ್ಯಾದರಿಂಗು ಎಂದು ತಾಲ್ಲೂಕೆಲ್ಲ ತಿರುಗಿದವರು. ದೊಡ್ಡ ಸೌಂಡ್ ಬಾಕ್ಸುಗಳು ಬಂದ ಮೇಲೆ ಅವರ ಹಾರ್ನನ್ನು ಕೇಳುವವರು ಕಡಿಮೆಯಾದರು. ಕೇಂದ್ರದ ಉಸ್ತುವಾರಿ ನೋಡುವ ಅಧ್ಯಾಪಕ ಪಾಂಡುರಂಗ ಸರ್ ತಾವೇ ಕರೆದು ಕೆಲಸ ಕೊಟ್ಟರು. ಡಿಶ್ ಒರೆಸುವುದು, ಕರೆಂಟು ಹೋದರೆ ಬ್ಯಾಟರಿ ಹಚ್ಚುವುದು, ಫೋನು ನೋಡಿಕೊಳ್ಳುವುದು ಅವರ ಪಾಲಿಗೆ ಬಂದವು.

ಫೋನಿನಿಂದಲೇ ಎಡವಟ್ಟಾಯಿತು. ತಪ್ಪು ಕೇಳಿದರೆ ಎಲ್ಲರೂ ನಗುತ್ತಾರೆಂದು ಗಂಡಸರು ಅದರ ಹತ್ತಿರ ಹೋಗಲಿಲ್ಲ, ಹೆಣ್ಣುಮಕ್ಕಳಲ್ಲಂತೂ ಒಬ್ಬರೂ ರಿಸೀವರ್ ಮುಟ್ಟಲಿಲ್ಲ. ಹಾಲಿನಲ್ಲಿ ಒಬ್ಬಳಿಗೆ ಭಾವ, ಇನ್ನೊಬ್ಬಳಿಗೆ ಊರಿನ ಹಿರಿಯರು ಎದುರಿಗೇ ಕೂತಿರುತ್ತಾರೆ. ಅವರ ಮುಂದೆ ದನಿ ಎತ್ತಿ ಮಾತಾಡುವ ರೂಢಿ ಈ ಕಡೆ ಇಲ್ಲ. ರಾಜೇಶ್ವರಿ ಸೆರಗಿನ ಮರೆಯಲ್ಲಿ ಮುರ್ತುಜಾಸಾಬರಿಗೆ ಪಿಸುಗುಟ್ಟುತ್ತಿದ್ದಳು: "ಕಾಕಾ, ನೀವ ಕೇಳ್ರಿ." ಕಾಕಾ ಕೇಳುತ್ತಿದ್ದರು. ಸ್ಟುಡಿಯೋದವರು ಹೆಸರು ಕೇಳಿದರೆ ತಮ್ಮ ಹೆಸರನ್ನೇ ಹೇಳುತ್ತಿದ್ದರು. "ಸುಳ್ಳ ಹ್ಯಾಂಗ ಹೇಳೂದ್ರಿ? ಮಾತಾಡಾವ ನಾನ, ಹೆಸರೂ ನಂದ."

ಹೀಗೆ ಒಂದು ದಿನ ಸಮಾಜಶಾಸ್ತ್ರದ ಪಾಠದಲ್ಲಿ, ಚೊಚ್ಚಲ ಹೆರಿಗೆಗೆ ತವರಿಗೇ ಏಕೆ ಕಳಿಸುತ್ತಾರೆ ಎಂಬ ಪ್ರಶ್ನೆ ಮುರ್ತುಜಾಸಾಬರ ಗಡಸು ದನಿಯಲ್ಲಿ ರಾಜ್ಯದ ಎಲ್ಲ ಕೇಂದ್ರಗಳಿಗೂ ಕೇಳಿಸಿತು. ಟಿವಿಯಲ್ಲಿ ಮೇಡಂ ನಕ್ಕರು: "ಬಹಳ ಒಳ್ಳೆಯ ಪ್ರಶ್ನೆ, ಮುರ್ತುಜಾಸಾಬ್ ಅವರೇ. ನೀವು ಎರಡನೇ ವರ್ಷವೋ, ಮೂರನೆಯದೋ?" ಐದನೇ ಇಯತ್ತೆಗೆ ಸಾಲಿ ಬಿಟ್ಟ ಮುರ್ತುಜಾಸಾಬರು ಥಟ್ಟನೆ ಫೋನಿಟ್ಟರು. ಚಹಾ ಹೊತ್ತಿಗೆ ಗುರುಲಿಂಗಪ್ಪ ಬಿಡಲಿಲ್ಲ. "ಏನ್ರಿ ಸಾಹೇಬ್ರ, ತವರಮನಿ ನೆನಪಾತೇನು? ಹೇಳ್ರಿ, ಸೀಟ್ ಹಿಡದ ಇಡ್ತೇನಿ." ಆ ಪ್ರಶ್ನೆ ಯಾರದೆಂದು ಗುರುಲಿಂಗಪ್ಪನಿಗೆ ಗೊತ್ತಿರಲಿಲ್ಲ. ರಾಜೇಶ್ವರಿ ತಲೆ ತಗ್ಗಿಸಿ ಬಶಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದಳು.

ನಗು ಬಹಳ ದಿನ ಉಳಿಯಲಿಲ್ಲ. ಈ ವರ್ಷದ ಆರಂಭದಲ್ಲಿ ವಿಶ್ವವಿದ್ಯಾಲಯದಿಂದ ಪಾಂಡುರಂಗ ಸರ್‌ಗೆ ಫೋನು ಬಂತು. ಸಿಂದಗಿಯಿಂದ ವರ್ಷವಿಡೀ ಮಾತಾಡಿದ ವಿದ್ಯಾರ್ಥಿ ಮುರ್ತುಜಾಸಾಬ್ ಒಬ್ಬನೇ, ಒಬ್ಬನಿಗಾಗಿ ಕೇಂದ್ರ ನಡೆಸಲಾಗದು. ಇನ್ನೊಂದು ತಿಂಗಳು ನೋಡುತ್ತೇವೆ, ಆಮೇಲೆ ಯಂತ್ರ ಬಿಚ್ಚಿ ಧಾರವಾಡದ ಕಡೆ ಒಯ್ಯುತ್ತೇವೆ ಎಂದರು. ಧಾರವಾಡವೆಂದರೆ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವ ದಾರಿಯಲ್ಲ. ರಾತ್ರಿ ಉಳಿಯಬೇಕೆಂದರೆ ಮನೆಯಲ್ಲಿ ಬ್ಯಾಡ ಅಂತಾರೆ, ಅಲ್ಲಿಗೆ ತನ್ನ ಬಿ.ಎ. ಮುಗಿದಂತೆಯೇ ಎಂದು ರಾಜೇಶ್ವರಿ ಕಣ್ಣಲ್ಲಿ ನೀರು ತಂದಳು. ಮುರ್ತುಜಾಸಾಬರು ಅಂದು ಊಟ ಮಾಡಲಿಲ್ಲ ಎಂದು ಅವರ ಹೆಂಡತಿ ಶಮ್ಶುನ್ನೀಸಾ ಹೇಳುತ್ತಾರೆ. "ಉಪಕಾರ ಮಾಡಾಕ ಹೋಗಿ ಸಾಲಿನ ಮುಚ್ಚಿಸಿದ್ನಲ್ಲ ಅಂತ ಒಂದ ಸಮನ ಅದ ಮಾತ್ರಿ."

ಅಲ್ಲಿಯವರೆಗೆ ಹಿಂದೆ ಮುರ್ತುಜಾಸಾಬರ ಬಳಿ ಇದ್ದ ಫೋನು ಮರು ರವಿವಾರ ಮುಂದಿನ ಮೇಜಿನ ಮೇಲೆ ಬಂತು. "ಇನ್ಮ್ಯಾಲ ನೀವು ಬಾಯಿ ತೆಗೀಬ್ಯಾಡ್ರಿ ಮುರ್ತುಜಾಸಾಬ, ಅವರ ಮಾತಾಡ್ಲಿ," ಎಂದು ಪಾಂಡುರಂಗ ಸರ್ ಖಡಕ್ಕಾಗಿ ಹೇಳಿದ್ದರು. ಮೇಡಂ ಟಿವಿಯಿಂದ ಕರೆದರು: "ಸಿಂದಗಿ, ಇದ್ದೀರಾ? ಸಿಂದಗಿ?" ರಾಜೇಶ್ವರಿ ಎದ್ದು ಮೇಜಿನವರೆಗೆ ಬಂದಳು, ರಿಸೀವರ್ ಎತ್ತಿದಳು. ಎದುರಿಗೇ ಭಾವ ಕೂತಿದ್ದರು. ಸದ್ದಿಲ್ಲದೆ ಇಟ್ಟು ಹಿಂತಿರುಗಿದಳು. ಮೇಡಂ ಬೇರೆ ಊರನ್ನು ಕರೆದರು.

ಆ ವಾರವಿಡೀ ಯೋಚಿಸುತ್ತಿದ್ದ ಮುರ್ತುಜಾಸಾಬರಿಗೆ ಹಳೆಯ ಮದುವೆಗಳು ನೆನಪಾದವು. ಸೋಬಾನ ಪದ ಹಾಡುವ ಹೆಣ್ಣುಮಕ್ಕಳು ಹಂದರಕ್ಕೆ ಬಂದು ಮೈಕ್ ಹಿಡಿಯುತ್ತಿರಲಿಲ್ಲ. ಮುರ್ತುಜಾಸಾಬರು ಉದ್ದನೆಯ ವಾಯರ್ ಎಳೆದು ಮೈಕನ್ನು ಅಡಿಗೆಮನೆಗೆ ಒಯ್ಯುತ್ತಿದ್ದರು. ಒಳಗೆ ಹಾಡು, ಹೊರಗೆ ಕಂಬದ ಮೇಲೆ ಹಾರ್ನು. ಮಾವ, ಭಾವ, ಗೌಡರು ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೇಳುತ್ತಿದ್ದರು. "ಹಾರ್ನಿನ್ಯಾಗ ಬಂದ ದನಿ ಯಾರ ಸೊಸೀದು ಅಂತ ಯಾರೂ ಕೇಳ್ತಿದ್ದಿಲ್ರಿ. ಗೊತ್ತಿದ್ರೂ ಕೇಳ್ತಿದ್ದಿಲ್ಲ."

ಹಾಲಿನ ಪಕ್ಕದಲ್ಲಿ ಜಮಖಾನೆ, ಮುರಿದ ಕುರ್ಚಿ ಒಟ್ಟಿದ ಕೋಣೆಯೊಂದಿದೆ. ಮುಂದಿನ ರವಿವಾರ ಬೆಳಿಗ್ಗೆ ಕಸ ಹೊಡೆದು, ಒಂದು ಸ್ಟೂಲು ಇಟ್ಟು, ಕಿಟಕಿಯಿಂದ ವಾಯರ್ ಎಳೆದು ಫೋನನ್ನು ಅಲ್ಲಿಟ್ಟರು. ರಾಜೇಶ್ವರಿಗೆ ಹೇಳಿದ್ದು ಇಷ್ಟೇ: "ಬಾಗಲಾ ಹಾಕ್ಕೊ ಬೇ. ಅಡಿಗಿಮನ್ಯಾಗ ಅದೀನಿ ಅನ್ಕೋ."

ಮೇಡಂ ಸಿಂದಗಿಯನ್ನು ಕರೆದರು. ತುಸು ಹೊತ್ತಿನ ಮೇಲೆ ಟಿವಿಯಿಂದ ಒಂದು ಹೆಣ್ಣುದನಿ, ಮೊದಲು ನಡುಗುತ್ತ, ಆಮೇಲೆ ನೆಟ್ಟಗೆ ಬಂತು. "ಮೇಡಂ, ಒಂದ ಮನ್ಯಾಗ ಭಾವನೂ ಓದತಾರ, ಸೊಸಿನೂ ಓದತಾಳ ಅನ್ಕೋರಿ. ಭಾವ ಓದಿದ್ರ ಮನಿತನಕ್ಕ ಹೆಸರ ಬಂತು ಅಂತಾರ. ಸೊಸಿ ಓದಿದ್ರ ರೊಟ್ಟಿ ತಡಾ ಆತು ಅಂತಾರ. ಇದಕ್ಕ ಸಮಾಜಶಾಸ್ತ್ರದಾಗ ಏನಂತಾರ್ರಿ?"

ಹಾಲಿನಲ್ಲಿ ಯಾರೂ ಹೊರಳಿ ನೋಡಲಿಲ್ಲ. ಮೇಡಂ ವಿವರವಾಗಿ ಉತ್ತರಿಸಿದರು. ಗುರುಲಿಂಗಪ್ಪ ತಲೆ ಎತ್ತದೆ ಬರೆದುಕೊಂಡರು. ಚಹಾ ಹೊತ್ತಿಗೆ ಮುರ್ತುಜಾಸಾಬರ ಪಕ್ಕ ನಿಂತು ಬಶಿಯಲ್ಲಿನ ಚಹಾ ಊದಿದರು. "ಪ್ರಶ್ನಿ ಚಲೋ ಇತ್ತು," ಎಂದರು ಕಡೆಗೆ. "ಯಾರ ಕೇಳಿದ್ರೋ, ಗೊತ್ತಾಗ್ಲಿಲ್ಲ."

ಅಂದು ಕಸ್ತೂರೆವ್ವನೂ ಕೋಣೆಗೆ ಹೋದರು. ಮುಂದಿನ ವಾರ ಇನ್ನೂ ಮೂವರು ಹೋದರು, ಆಮೇಲೆ ಬಾಗಿಲ ಬಳಿ ಪಾಳಿ ನಿಂತಿತು. ಬಾಗೇವಾಡಿಯ ಗಂಡಸರಲ್ಲೂ ಒಂದಿಬ್ಬರು ಕೋಣೆಯೇ ಆರಾಮ ಎನ್ನತೊಡಗಿದರು. ತಿಂಗಳು ಮುಗಿದಾಗ ಪಾಂಡುರಂಗ ಸರ್‌ಗೆ ಮತ್ತೆ ಫೋನು ಬಂತು: ಯಂತ್ರ ಸಿಂದಗಿಯಲ್ಲೇ ಇರಲಿ. ಇಂಡಿಯಲ್ಲಿ ರಾಜೇಶ್ವರಿಯ ಮನೆಯಲ್ಲೂ ಈಗ ಸಣ್ಣದೊಂದು ಬದಲಾವಣೆ ಆಗಿದೆ. ರವಿವಾರದ ಬುತ್ತಿ ರೊಟ್ಟಿಯನ್ನು ಶನಿವಾರವೇ ಬಡಿದಿಡಲು ಭಾವನೇ ಮನೆಯಲ್ಲಿ ಹೇಳಿದ್ದಾರಂತೆ. "ಬಸ್ ತಪ್ಪತೈತಿ ಅಂತ ಕಾರಣ ಕೊಟ್ಟಾರ್ರಿ," ಎಂದು ರಾಜೇಶ್ವರಿ ನಗುತ್ತಾಳೆ.

ಮುರ್ತುಜಾಸಾಬರು ಈಗ ಫೋನಿನಲ್ಲಿ ಮಾತಾಡುವುದಿಲ್ಲ. ಹೋದ ವಾರ ಮೇಡಂ ಪಾಠದ ನಡುವೆ ಅವರನ್ನು ನೆನೆಸಿಕೊಂಡರು: "ಸಿಂದಗಿಯ ಮುರ್ತುಜಾಸಾಬ್ ಅವರ ದನಿಯೇ ಕೇಳುತ್ತಿಲ್ಲವಲ್ಲ, ಓದು ಬಿಟ್ಟರಾ?" ಹಾಲಿಗೆ ಹಾಲೇ ನಕ್ಕಿತು. ಕೋಣೆಯಿಂದ ರಾಜೇಶ್ವರಿ, "ಇಲ್ರಿ ಮೇಡಂ, ಮಾಳಿಗಿ ಮ್ಯಾಲ ಅದಾರ," ಎಂದಳು.

ಹೌದು, ಅವರು ಮಾಳಿಗೆಯ ಮೇಲಿದ್ದರು. ಗಾಳಿಗೆ ಡಿಶ್ ಅಲುಗದಂತೆ ಅದರ ಕಾಲಿಗೆ ಕಲ್ಲು ಒತ್ತು ಕೊಡುತ್ತಿದ್ದರು. ಮೇಡಂ ಹೆಸರು ಹಿಡಿದು ಕೇಳಿದ್ದು ಗೊತ್ತೇ ಎಂದರೆ ಗೊತ್ತು ಎಂದು ತಲೆಯಾಡಿಸುತ್ತಾರೆ. ಒಂದು ಆಸೆ ಇದೆ ಎನ್ನುತ್ತಾರೆ: ಇಲ್ಲಿ ಕೂತವರ ಮುಖ ಒಮ್ಮೆಯಾದರೂ ಆ ಮೇಡಂಗೆ ಕಾಣಿಸಬೇಕು. ನಿಮ್ಮ ಮಾರಿ ಕಾಣಿಸುವುದು ಬೇಡವೇ ಎಂದರೆ ಟೇಪಿನ ಗಂಟು ಬಿಗಿ ಮಾಡುತ್ತ ನಗುತ್ತಾರೆ.

"ಮದುವಿಗೆ ಬಂದವ್ರು ಮೈಕಿನವನ ಮಾರಿ ನೋಡತಾರೇನ್ರಿ? ಕಡೀ ಪಂಕ್ತಿಯವ್ರಿಗೂ ಹಾಡ ಕೇಳಿಸ್ತೋ ಇಲ್ಲೋ, ಅಷ್ಟ ನೋಡಾವ ನಾನು."