ಸೀಟಿನ ಅಡಿಯ ಹೆಬ್ಬೆಟ್ಟು

ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗೆ ಕಪ್ಪು ಅಂಚಿನ ಕಾಗದ ಅಂಟಿಸುತ್ತಾರೆ. ಕಳೆದ ನವೆಂಬರಿನ ಒಂದು ಬೆಳಿಗ್ಗೆ ಬ್ರೆಡ್ ತರಲು ಹೊರಟವನು ಅಂಚೆ ಕಚೇರಿಯ ಗೋಡೆಯ ಮುಂದೆ ನಿಂತೆ. ಎಲಿಜಿಯೊ ಸಿರೋನಿ, ಎಂಬತ್ತಾರು ವರ್ಷ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಹೆಬ್ಬೆಟ್ಟು’ ಎಂದೇ ಎಲ್ಲರಿಗೂ ಪರಿಚಿತ.

ಅವನು ಹೋದದ್ದು ನನಗೆ ಹೊಸ ಸುದ್ದಿಯಲ್ಲ. ಹಿಂದಿನ ದಿನ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಆದರೂ ಆ ಅಡ್ಡಹೆಸರನ್ನು ಕಾಗದದ ಮೇಲೆ ಕಂಡು ಬ್ರೆಡ್ ತಾರದೆ ಮನೆಗೆ ಮರಳಿದೆ. ಅದು ಅವನಿಗೆ ಅಂಟಿಕೊಂಡದ್ದು ನನ್ನ ಹೆಬ್ಬೆಟ್ಟಿನಿಂದ. ಐವತ್ತೆರಡು ವರ್ಷ ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಮಿಲಾನಿನಿಂದ ಉತ್ತರಕ್ಕೆ ಬ್ರಿಯಾನ್ಸಾದಲ್ಲಿ, ನಮ್ಮ ಕಡೆ, ಮನೆಗೊಬ್ಬರಂತೆ ಕುರ್ಚಿ, ಮೇಜು, ಸೋಫಾ ಮಾಡುವವರು. ಮೊದಲು ಎಲ್ಲ ಮರದ ಕೆಲಸ. ನಾವು ಹರೆಯಕ್ಕೆ ಬರುವ ಹೊತ್ತಿಗೆ ಪ್ಲಾಸ್ಟಿಕ್ ಬಂತು. ಎಲಿಜಿಯೊನ ಅಪ್ಪ ಬಡಗಿ. ಮಗ ಉಕ್ಕಿನ ಅಚ್ಚುಗಳಿಗೆ ಪಾಲಿಶ್ ಮಾಡುವ ಕೆಲಸ ಹಿಡಿದಾಗ ಆರು ತಿಂಗಳು ಮಾತು ಬಿಟ್ಟಿದ್ದರಂತೆ.

ಪ್ಲಾಸ್ಟಿಕ್ಕಿನ ಹೊಳಪೆಲ್ಲ ಅಚ್ಚಿನಿಂದ ಬರುತ್ತದೆ. ಉಕ್ಕು ಎಷ್ಟು ನುಣುಪೋ ಸ್ಟೂಲು ಅಷ್ಟು ನುಣುಪು. ಎಲಿಜಿಯೊ ಮೊದಲು ಸಾಣೆಕಲ್ಲಿನಿಂದ ಉಜ್ಜುತ್ತಿದ್ದ, ಆಮೇಲೆ ವಜ್ರದ ಪುಡಿ ಕಲಸಿದ ಜಿಡ್ಡನ್ನು ಮರದ ಕಡ್ಡಿಗೆ ಸವರಿಕೊಂಡು, ಕೊನೆಗೆ ಬರಿಯ ಹತ್ತಿಯಿಂದ. ಒಂದು ಸ್ಟೂಲಿನ ಅಚ್ಚಿಗೆ ಏಳು ವಾರ. ಹತ್ತಿಯ ಕೆಲಸ ಮಾಡುವಾಗ ಯಾರೊಡನೆಯೂ ಮಾತಿಲ್ಲ. ಮಧ್ಯಾಹ್ನ ಮಾತ್ರ, ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬುವ ನನ್ನ ಪ್ರೆಸ್ಸಿನ ಬಿಸಿ ಕೊಳವೆಯ ಮೇಲೆ ಹಿಂದಿನ ದಿನದ ಪೊಲೆಂಟಾ ತುಂಡುಗಳನ್ನು ಸುಡಲು ಬರುತ್ತಿದ್ದ. ಆ ಮೆಕ್ಕೆಜೋಳದ ಮುದ್ದೆ ಸೀಯುವ ವಾಸನೆ ಕಾರ್ಖಾನೆಯ ತುಂಬ ಹರಡುತ್ತಿತ್ತು. ನಾನು ಪುಸ್ತಕ ಬಿಚ್ಚಿಕೊಂಡು ಕೂತಿದ್ದರೆ, “ಪ್ರೊಫೆಸರ್, ಇವತ್ತು ಯಾರು ಸತ್ರು ಅದ್ರಲ್ಲಿ?” ಅಂತ ಕೇಳುತ್ತಿದ್ದ. ಸತ್ತವರ ಹೆಸರು ಹೇಳಿದರೆ, “ಪಾಪ, ಒಳ್ಳೆ ಮನುಷ್ಯ” ಎಂದು ಪೊಲೆಂಟಾ ತಿರುವಿ ಹಾಕುತ್ತಿದ್ದ.

ಎಪ್ಪತ್ತೆರಡರಲ್ಲಿ ಬಂದದ್ದು ಆ ಎತ್ತರದ ಸ್ಟೂಲು. ಕೆಂಪು ಬಣ್ಣ, ಒಂದೇ ಕಾಲು, ತಾವರೆ ಎಲೆಯಂತೆ ಅಂಚು ಮೇಲೆತ್ತಿದ ಸೀಟು. ಮಿಲಾನಿನ ಒಬ್ಬ ಆರ್ಕಿಟೆಕ್ಟ್ ಬರೆದ ಚಿತ್ರ. ಕಾಫಿ ಕಟ್ಟೆಗಳ ಮುಂದೆ ಜನ ಕೂರಲು. ನಮ್ಮೂರಲ್ಲಂತೂ ಕಾಫಿಯನ್ನು ಯಾರೂ ಕೂತು ಕುಡಿಯುವುದಿಲ್ಲ. ಇನೆಸ್ ಅಕ್ಕನ ಅಂಗಡಿಯಲ್ಲಿ ಕಟ್ಟೆಗೆ ಮೊಣಕೈ ಊರಿ ಮೂರು ಗುಟುಕಿಗೆ ಮುಗಿಸಿ ಹೊರಡಬೇಕು. ಮಾದರಿಯೊಂದನ್ನು ಆರ್ಕಿಟೆಕ್ಟ್ ಅವಳಿಗೇ ತಂದು ತೋರಿಸಿದರು.

ಇನೆಸ್ ಸೀಟನ್ನು ಒರೆಸುವ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿದಳು. “ಚೆನ್ನಾಗಿದೆ, ಆರ್ಕಿಟೆಕ್ಟ್ರೇ. ಆದ್ರೆ ಇವ್ರನ್ನ ಕೂರಿಸಿದ್ರೆ ಎಬ್ಬಿಸೋಕೆ ನಿಮ್ಮನ್ನೇ ಕರೀಬೇಕಾಗತ್ತೆ.”

“ಕಾಲು ನೋಯಲ್ವಾ ಇವ್ರಿಗೆ?”

“ನೋಯ್ಬೇಕು. ನೋಯ್ತಾ ಇದ್ರೇನೆ ಕೆಲ್ಸಕ್ಕೆ ಹೋಗೋದು.”

ಎಲಿಜಿಯೊ ಪಕ್ಕದಲ್ಲೇ ನಿಂತು ಕಾಫಿ ಮುಗಿಸಿ, “ಕೇಳಿದ್ಯಾ ಪ್ರೊಫೆಸರ್? ನಾವು ಮಾಡೋದು ನಿಂತು, ಕುಡಿಯೋದು ನಿಂತು. ಕೂರೋ ಜನ ಬೇರೆ ದೇಶದಲ್ಲಿದಾರೆ” ಎಂದ.

ಆಗಸ್ಟಿನಲ್ಲಿ ನಮ್ಮಲ್ಲಿ ಕಾರ್ಖಾನೆಗಳಿಗೆ ಮೂರು ವಾರ ಬೀಗ. ಸೆಪ್ಟೆಂಬರಿನಲ್ಲಿ ಮಿಲಾನಿನ ಪೀಠೋಪಕರಣ ಮೇಳ. ರಜೆಗೆ ಮುಂಚಿನ ಸಂಜೆ ಎಲಿಜಿಯೊ ಅಚ್ಚನ್ನು ಮುಗಿಸಿದ. ಅವನ ಮಗಳು ಫ್ಲಾವಿಯಾಗೆ ಜ್ವರ ಎಂದು ಮನೆಯಿಂದ ಹೇಳಿಕಳಿಸಿದ್ದರು. “ಗ್ರೀಸ್ ಹಚ್ಚಿ ಮುಚ್ಚಿಬಿಡು. ಕೈಗವಸು ಹಾಕ್ಕೋ” ಎಂದು ನನಗೆ ಹೇಳಿ ಹೊರಟ.

ತೆರೆದ ಅಚ್ಚಿನ ಮುಂದೆ ನಾನೊಬ್ಬನೇ ನಿಂತೆ. ಅಂಥ ಉಕ್ಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬಾವಿಯ ನೀರಿನ ಹಾಗಿತ್ತು. ನಿಜಕ್ಕೂ ಒದ್ದೆಯೋ ಏನೋ ಎಂದು ಅನುಮಾನ ಬಂತು. ಕೈಗವಸು ಕಳಚಿ ಹೆಬ್ಬೆಟ್ಟು ಇಟ್ಟೆ. ಒಣಗಿತ್ತು. ನನ್ನ ಪಾಡಿಗೆ ಅದರ ಮೇಲೆಯೇ ಗ್ರೀಸ್ ಹಚ್ಚಿ ಮುಚ್ಚಿದೆ.

ಪಾಲಿಶ್ ಮಾಡಿದ ಉಕ್ಕಿಗೆ ಬೆವರು ಎಂದರೆ ವಿಷ. ನಾನದನ್ನು ಒರೆಸಲಿಲ್ಲ, ಗ್ರೀಸಿನ ಅಡಿಯಲ್ಲಿ ಮುಚ್ಚಿಟ್ಟೆ. ನಾವೆಲ್ಲ ಸಮುದ್ರದ ದಂಡೆಯಲ್ಲಿದ್ದ ಮೂರು ವಾರ ಅದು ಉಕ್ಕನ್ನು ತಿನ್ನುತ್ತಲೇ ಇತ್ತು.

ರಜೆ ಮುಗಿದು ಮೊದಲ ಸ್ಟೂಲು ಹೊರಬಂದಾಗ ಯಜಮಾನ ಬೊರ್ಗೊನೊವೊ ಅದನ್ನು ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು. ಸೀಟಿನ ಅಡಿಯಲ್ಲಿ ಒಂದು ಹೆಬ್ಬೆಟ್ಟು, ಗೆರೆಗಳನ್ನು ಎಣಿಸುವಷ್ಟು ಸ್ಪಷ್ಟ. ಅಚ್ಚಿನಲ್ಲಿ ಅದನ್ನು ಉಜ್ಜಿ ತೆಗೆದರೆ ಅಲ್ಲಿ ಗುಳಿ ಬೀಳುತ್ತದೆ. ಮೇಳಕ್ಕೆ ಉಳಿದದ್ದು ಒಂಬತ್ತೇ ದಿನ.

“ಇದು ಯಾರ ಬೆರಳು?”

ನಾನು ಪ್ರೆಸ್ಸಿಗೆ ಬಂದು ಐದು ತಿಂಗಳಾಗಿತ್ತು. ಆ ಐದು ತಿಂಗಳಲ್ಲಿ ಎರಡು ಸಲ ಬೈಸಿಕೊಂಡಿದ್ದೆ. ಮೂರನೆಯ ಸಲ ಗೇಟಿನ ಆಚೆ ಎಂದು ಯಜಮಾನರೇ ಹೇಳಿದ್ದರು. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

“ನಂದೇ” ಎಂದ ಎಲಿಜಿಯೊ.

“ನಿಂದಾ? ಹದಿನೈದು ವರ್ಷದಿಂದ ಒಂದು ಗೀಟು ಬಿಟ್ಟೋನಲ್ಲ ನೀನು.”

“ಮಗೂಗೆ ಜ್ವರ ಇತ್ತು. ಅವಸರ ಮಾಡ್ದೆ.”

ಅಂದು ಸಂಜೆ ಇನೆಸ್ ಅಂಗಡಿಯಲ್ಲಿ ಅವನ ತೋಳು ಹಿಡಿದೆ. “ನಾಳೆ ಹೋಗಿ ಹೇಳ್ತೀನಿ.”

“ಹೇಳಿ ಏನ್ಮಾಡ್ತೀಯ? ನಿನ್ನ ಓಡಿಸ್ತಾರೆ, ನಂಗೆ ಸುಳ್ಳ ಅಂತಾರೆ. ಇಬ್ರಿಗೂ ಲುಕ್ಸಾನು. ಕಾಫಿ ಆರ್ತಾ ಇದೆ, ಕುಡಿ.”

ಸೀಟಿನ ಅಡಿಯದ್ದು ಮೇಳದಲ್ಲಿ ಯಾರಿಗೂ ಕಾಣಲಿಲ್ಲ. ಸ್ಟೂಲು ಸಾವಿರಗಟ್ಟಲೆ ಹೋಯಿತು, ಒಂದೊಂದರ ಅಡಿಯಲ್ಲೂ ನನ್ನ ಬೆರಳು. ಆದರೆ ಮುಂದಿನ ದೊಡ್ಡ ಅಚ್ಚು, ಒಂದು ದೀಪದ್ದು, ಪಕ್ಕದೂರಿನ ಪಾಲಿಶ್‌ನವನಿಗೆ ಹೋಯಿತು. ಅದರ ನಂತರದ್ದೂ. ಆರು ವರ್ಷ ಎಲಿಜಿಯೊ ಬಕೆಟ್ಟು, ಹಣ್ಣಿನ ಕ್ರೇಟುಗಳ ಒರಟು ಅಚ್ಚುಗಳನ್ನು ತೀಡಿದ. ಅವನ ಹತ್ತಿ ಡಬ್ಬದಲ್ಲೇ ಹಳದಿಯಾಯಿತು. ಊರಿನವರು ಮೊದಮೊದಲು ಅಣಕಿಸಲು ಕರೆದ ಹೆಸರು ಆಮೇಲೆ ಅಕ್ಕರೆಗೂ ಅದೇ ಆಯಿತು. ಇಸ್ಪೀಟು ಎಲೆ ಹಾಕುವಾಗ, “ಹೆಬ್ಬೆಟ್ಟು, ಒತ್ತು ನಿಂದೊಂದು” ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ನಾನು ನನ್ನ ಎಲೆಗಳನ್ನು ನೋಡಿಕೊಳ್ಳುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೆ, ಕಾರ್ಖಾನೆ ಮುಚ್ಚಿದ ಮೇಲೆ, ಹೇಳಲು ಅಡ್ಡಿಯೇನೂ ಇರಲಿಲ್ಲ. ಹೇಳಲಿಲ್ಲ.

ಮಣ್ಣು ಮಾಡಿದ ಮರುದಿನ ಫ್ಲಾವಿಯಾ ಕರೆಸಿದಳು. ಅಡುಗೆಮನೆಯ ಮೇಜಿನ ಪಕ್ಕ ಆ ಸ್ಟೂಲಿತ್ತು, ಮೊದಲ ದಿನದ್ದು. ಅಪ್ಪ ಅದರ ಮೇಲೆ ಕೂತದ್ದನ್ನು ಅವಳು ನೋಡಿಲ್ಲವಂತೆ. ಅಟ್ಟದ ಡಬ್ಬ ಇಳಿಸಲು ಹತ್ತುತ್ತಿದ್ದನಂತೆ, ಅಷ್ಟೆ.

“ಫೆರ್ಮೊ ಮಾಮ, ಕಲ್ಲು ಕೆತ್ತೋರು ಶನಿವಾರ ಬರ್ತಾರೆ. ಹೆಸರಿನ ಕೆಳಗೆ ‘ಹೆಬ್ಬೆಟ್ಟು’ ಅಂತಾನೂ ಬರೆಸ್ತಾ ಇದೀನಿ. ಸರಿ ಅಲ್ವಾ?” ಎನ್ನುತ್ತಾ ಸ್ಟೂಲನ್ನು ಮಗುಚಿ ತನ್ನ ಹೆಬ್ಬೆಟ್ಟನ್ನು ಆ ಗುರುತಿನ ಮೇಲಿಟ್ಟಳು. “ಚಿಕ್ಕೋಳಿದ್ದಾಗಿಂದ ಹೀಗೆ ಇಡ್ತೀನಿ. ಅಪ್ಪ ಕೈ ಹಿಡ್ಕೊಂಡ ಹಾಗಿರತ್ತೆ.”

ಸುಮ್ಮನಿದ್ದುಬಿಡಬಹುದಿತ್ತು. ಅವಳ ಬೆರಳ ಕೆಳಗಿದ್ದದ್ದು ನನ್ನ ಬೆರಳು ಎಂದು ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಆದರೆ ಎಲಿಜಿಯೊ ತನ್ನ ಗುರುತು ಎಲ್ಲೂ ಉಳಿಯದಂತೆ ಜೀವಮಾನ ದುಡಿದವನು. ಅವನ ತಲೆಯ ಮೇಲಿನ ಕಲ್ಲಿನಲ್ಲಿ ನನ್ನ ತಪ್ಪು ಕೆತ್ತುವುದನ್ನು ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ.

ಹೇಳಿದೆ. ನನ್ನ ಹೆಬ್ಬೆಟ್ಟನ್ನೂ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಎರಡನ್ನೂ ಬಹಳ ಹೊತ್ತು ನೋಡಿದಳು.

“ಅಮ್ಮಂಗೆ ಗೊತ್ತಿತ್ತಾ?”

“ಇಲ್ಲ.”

“ನನ್ನ ಜ್ವರ ಅಂತ ಅಂದ್ಕೊಂಡಿದ್ದೆ ಇಷ್ಟು ವರ್ಷ. ಅಪ್ಪನ ಹೆಸರು ಹಾಳಾಗಿದ್ದು ನನ್ನಿಂದ ಅಂತ.”

ಅದು ನನಗೆ ಹೊಳೆದೇ ಇರಲಿಲ್ಲ. ಕ್ಷಮಿಸು ಎಂದೆ. ಅವಳು ಕಾಫಿ ಪಾತ್ರೆ ಒಲೆಯ ಮೇಲಿಟ್ಟಳು. ಬೆನ್ನು ತಿರುಗಿಸಿಯೇ ಕೇಳಿದಳು, “ಹಂಗಾದ್ರೆ ಇದ್ರಲ್ಲಿ ಅಪ್ಪಂದು ಏನಿದೆ, ಮಾಮ?”

ಸೀಟಿನ ಮೇಲ್ಭಾಗ ಹತ್ತಿದವರ ಕಾಲಿಗೆ ಮಂಕಾಗಿತ್ತು. ನಾನು ಸ್ಟೂಲನ್ನು ಕಿಟಕಿಯ ಕಡೆ ತಿರುಗಿಸಿ, ಯಾರೂ ಮುಟ್ಟದ ಅಂಚಿನ ಅಡಿಯನ್ನು ತೋರಿಸಿದೆ. ಆ ಹೊಳಪಿನಲ್ಲಿ ಕಿಟಕಿ ಇತ್ತು, ಹೊರಗಿನ ಬೋಳು ಅಂಜೂರದ ಮರ ಇತ್ತು, ಬಗ್ಗಿ ನೋಡಿದ ಅವಳ ಮುಖ ಇತ್ತು.

“ಇದು” ಎಂದೆ.

ಅವಳು ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ, ಹತ್ತಿ ಕೂತು ಕಾಫಿ ಕುಡಿದಳು. ನಾನು ನಿಂತೇ ಕುಡಿದೆ.

ಶನಿವಾರ ಕಲ್ಲಿನ ಮೇಲೆ ಹೆಸರು, ಎರಡು ಇಸವಿ, ಅಷ್ಟೇ ಬರೆಸಿದಳು. ಕಲ್ಲನ್ನು ಮಾತ್ರ ಎರಡು ಸಲ ಪಾಲಿಶ್‌ಗೆ ವಾಪಸು ಕಳಿಸಿದಳಂತೆ. ಮೊನ್ನೆ ಮಂಜು ಕರಗಿದ ಮೇಲೆ ಹೋಗಿ ನೋಡಿಬಂದೆ. ಕಪ್ಪು ಕಲ್ಲಿನಲ್ಲಿ ನನ್ನ ಟೋಪಿ, ಹಿಂದಿನ ಆಕಾಶ ಎಲ್ಲ ಕಾಣುತ್ತಿತ್ತು. ಒದ್ದೆಯ ಹಾಗಿತ್ತು. ಕೈ ಜೇಬಿನಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಬಂದೆ.