ಪರದೆಯ ಆಚೆಯ ಪಾಠ

ನೋವೇ ಇರಲಿಲ್ಲ. ಅದೇ ಮೋಸ ಮಾಡಿತು. ಬಲಗಾಲಿನ ಕಿರುಬೆರಳಿಗೆ ಚಪ್ಪಲಿ ಕಚ್ಚಿ ಹುಣ್ಣಾದದ್ದು ನನಗೆ ಗೊತ್ತಾಗಲಿಲ್ಲ. ಹಗರೆಯಿಂದ ಬಂದಿದ್ದ ತಂಗಿ ರತ್ನ ಹೇಳಿದಳು: "ಅಕ್ಕಾ, ನಿನ್ ಕಾಲಿಂದ ವಾಸ್ನೆ ಬತ್ತೈತೆ. ಮುಚ್ಕಬ್ಯಾಡ, ತೋರ್ಸು."

ಹದಿನಾಲ್ಕು ವರ್ಷದ ಶುಗರ್. ಅರಸೀಕೆರೆಯಲ್ಲಿ ನೋಡಿದ ಡಾಕ್ಟರು, ಹೊಸಬರಿಗೆ ಸರ್ಜರಿ ಕಲಿಸುವ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕೊಳೆತ ಮಾಂಸ ತೆಗೆಯಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಸೊಂಟದ ಕೆಳಗೆ ಏನೂ ತಿಳಿಯದು. ಎದೆಯ ಮೇಲೆ ಹಸಿರು ಪರದೆ. ಕಿವಿ ಮಾತ್ರ ಎಚ್ಚರವಾಗಿತ್ತು.

"ಹಾಗಲ್ಲ." "ಅಯ್ಯೋ, ಹಾಗಲ್ಲಮ್ಮ." "ಕೊಡಿಲ್ಲಿ!"

ಸರ್ಜನ್ ಗದರುತ್ತಿದ್ದರು. ಬೈಸಿಕೊಳ್ಳುತ್ತಿದ್ದವಳು ಇನ್ನೂ ಕಲಿಯುತ್ತಿದ್ದ ಡಾಕ್ಟರ್ ಮೇಘನಾ. ಆಗ ಕತ್ತರಿ ಯಾರ ಕೈಯಲ್ಲಿತ್ತೋ, ನನಗೆ ತಿಳಿಯಲಿಲ್ಲ.

ವಾರ್ಡಿನಲ್ಲಿ ಮಲಗಿ ಅದನ್ನೇ ಯೋಚಿಸಿದೆ. ಹಾರನಹಳ್ಳಿಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದವಳು ನಾನು. ಬೋರ್ಡಿನ ಮುಂದೆ ತಡವರಿಸಿದ ಎಷ್ಟು ಮಕ್ಕಳ ಕೈಯಿಂದ ಚಾಕ್‌ಪೀಸ್ ಕಿತ್ತುಕೊಂಡು ನಾನೇ ಲೆಕ್ಕ ಮುಗಿಸಿಲ್ಲ? ಅವರು ಕಲಿತರೋ, ಹೆದರಿದರೋ, ಒಮ್ಮೆಯೂ ಕೇಳಿರಲಿಲ್ಲ.

ಐದನೇ ದಿನ ಡ್ರೆಸ್ಸಿಂಗ್ ಬಿಚ್ಚಿದರು. ಬೆರಳು ಕಪ್ಪಾಗಿತ್ತು.

ತೆಗೆಯಬೇಕು.

"ಡಾಕ್ಟರ್ ಮೇಘನಾ ಮಾಡ್ತಾರೆ, ನಾನು ಪಕ್ಕದಲ್ಲೇ ಇರ್ತೀನಿ. ನಿಮ್ಮ ಒಪ್ಪಿಗೆ ಇದೆಯಾ ಟೀಚರ್?" ಎಂದರು ಸರ್ಜನ್.

"ಬ್ಯಾಡ ಸಾ, ನೀವೇ ಮಾಡಿ," ಎಂದು ರತ್ನ ಅಳತೊಡಗಿದಳು.

ನನಗೆ ಅಳುವ ಶಕ್ತಿಯೂ ಇರಲಿಲ್ಲ. "ಮಾಡಲಿ ಸರ್. ಆದ್ರೆ ಹೋದ್ಸಲ ಎಲ್ಲಾ ಕೇಳಿಸ್ಕೊಂಡೆ. ಹಾಗಲ್ಲ, ಹಾಗಲ್ಲ ಅಂದ್ರಿ. ಹೇಗೆ ಅಂತ ಹೇಳಲೇ ಇಲ್ಲ. ನಾನೂ ಹಂಗೇ ಪಾಠ ಮಾಡಿದೋಳು. ರಿಟೈರ್ ಆದ್ಮೇಲೆ ಗೊತ್ತಾಗ್ತಿದೆ."

ಅವರ ಮುಖ ಬಿಗಿಯಾಯಿತು. ಬೈಯುತ್ತಾರೆಂದುಕೊಂಡೆ. ಸ್ಟೂಲ್ ಎಳೆದು ಕೂತರು. "ನನಗೂ ಹಂಗೇ ಕಲಿಸಿದ್ರು ಟೀಚರ್," ಎಂದರು. ಬಹಳ ದಣಿದಂತೆ ಕಂಡರು.

ಮರುದಿನ ಮತ್ತೆ ಪರದೆ. ಶುರು ಮಾಡುವ ಮೊದಲೇ ಅವರು ಕೇಳಿದರು: "ಮೇಘನಾ, ಇವತ್ತು ಯಾವುದು ಕಷ್ಟ ಅನ್ಸುತ್ತೆ?"

"ಒಳ್ಳೆ ಮಾಂಸ ಎಲ್ಲಿಂದ ಶುರು ಅಂತ ಗುರುತಿಸೋದು, ಸರ್."

"ಸರಿ, ಅಲ್ಲಿ ನಿಲ್ಸಿ. ಇಬ್ರೂ ನೋಡೋಣ."

ನಡುವೆ ಒಮ್ಮೆ "ಹಾಗ..." ಎಂದು ಅರ್ಧಕ್ಕೇ ನುಂಗಿದರು. "ಬ್ಲೇಡ್ ಸ್ವಲ್ಪ ಓರೆ ಮಾಡಿ. ಹಾಂ, ಈಗ ಸರಿ." ಇನ್ನೊಮ್ಮೆ, "ರಕ್ತ ಜಾಸ್ತಿ ಬರ್ತಿದೆ, ಈ ರಕ್ತನಾಳ ನಾನು ಹಿಡೀತೀನಿ," ಎಂದು ತಾವೇ ಮಾಡಿ, "ತಗೊಳ್ಳಿ, ಇನ್ನು ನೀವೇ," ಎಂದು ಮತ್ತೆ ಅವಳಿಗೇ ಕೊಟ್ಟರು.

ಕೊನೆಯಲ್ಲಿ ಕೇಳಿದರು: "ನಾನು ಹೇಳಿದ್ರಲ್ಲಿ ಯಾವುದು ಉಪಯೋಗಕ್ಕೆ ಬರಲಿಲ್ಲ?"

ಮೇಘನಾಳ ಸಣ್ಣ ದನಿ: "ನೀವು ಅವಸರ ಮಾಡಿದ್ರೆ ಒಳ್ಳೆ ಮಾಂಸದ ಗುರುತೇ ತಪ್ಪುತ್ತೆ, ಸರ್."

"ಹೂಂ. ಅದನ್ನ ಹೇಳ್ತಾ ಇರಿ," ಎಂದರು.

ಒಂದೇ ದಿನದಲ್ಲಿ ಯಾರೂ ಬದಲಾಗುವುದಿಲ್ಲ. ಎರಡು ದಿನ ಬಿಟ್ಟು ವಾರ್ಡಿನಲ್ಲಿ ಅವರು ಯಾರಿಗೋ ಗದರಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದೇ ದನಿ ತಗ್ಗಿ, ವಿವರಿಸತೊಡಗಿತು.

ಈಗ ಮನೆಯಲ್ಲಿದ್ದೇನೆ. ಗಾಯ ನಿಧಾನಕ್ಕೆ ಕೂಡುತ್ತಿದೆ. ಸುಸ್ತು ಹೋಗಿಲ್ಲ, ಬಚ್ಚಲಿಗೆ ಹೋಗಿ ಬರುವುದರಲ್ಲೇ ಬೆಳಗು ಮುಗಿಯುತ್ತದೆ. ಪಾದಕ್ಕೆ ಸ್ಪರ್ಶವಿಲ್ಲದ ಕಾರಣ ಕಣ್ಣಿನಿಂದಲೇ ಕಾಯಬೇಕು. ದಿನಾ ರತ್ನ ಅಡಿಗಾಲಿನ ಕೆಳಗೆ ಕನ್ನಡಿ ಹಿಡಿಯುತ್ತಾಳೆ. ನಾಲ್ಕು ಬೆರಳು. ಕೈಯಿಟ್ಟು ನೋಡಿದರೆ ಬೆಚ್ಚಗಿವೆ. ಸದ್ಯಕ್ಕೆ ಅಷ್ಟು ಸಾಕು.