ಕೆಮ್ಮಣ್ಣು ಬಣ್ಣದ ಬಚ್ಚಲು

ನಮ್ಮ ಮನೆಯ ಬಚ್ಚಲಿನ ಬಣ್ಣಗಳನ್ನು ಆರಿಸಿದ್ದು ನಾನಲ್ಲ. ಇಷ್ಟು ವರ್ಷ ನಾನೇ ಅಂತ ಹೇಳಿಕೊಂಡು ತಿರುಗಿದ್ದೇನೆ. ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ — ಸುತ್ತಿ ಬಳಸಿ ಬರುವಷ್ಟರಲ್ಲಿ ಧೈರ್ಯ ಇರುತ್ತಿತ್ತೋ ಇಲ್ಲವೋ. ಆರಿಸಿದ್ದು ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ, ರತ್ನಕ್ಕ.

ಬಚ್ಚಲಿನ ಬಣ್ಣಕ್ಕೆ ಇಷ್ಟೊಂದು ಪೀಠಿಕೆಯೇ ಅಂತ ನಿಮಗೆ ನಗು ಬರಬಹುದು. ನಮ್ಮ ಬಚ್ಚಲನ್ನು ನೀವು ನೋಡಿಲ್ಲ, ಅದಕ್ಕೆ. ಬಾಬುರಾಯನಕೊಪ್ಪಲಿನಲ್ಲಿ ನಮ್ಮ ಮನೆಗಿಂತ ದೊಡ್ಡ ಮನೆಗಳು ಎಷ್ಟೋ ಇವೆ. ಆದರೆ ಮನೆಗೆ ಬಂದವರು ಕೈಕಾಲು ತೊಳೆಯಲು ಒಳಗೆ ಹೋಗಿ, ಹೊರಗೆ ಬಂದು, ಕಾಫಿ ಕುಡಿಯುವುದನ್ನೂ ಮರೆತು ಬಚ್ಚಲಿನ ಮಾತೇ ಆಡುವ ಮನೆ ನಮ್ಮದೊಂದೇ. ಈ ಹೆಮ್ಮೆ ನನಗೆ ಈಗಲೂ ಇದೆ. ಅದನ್ನು ಬಿಟ್ಟುಕೊಡಲು ನಾನು ಇದನ್ನು ಬರೆಯುತ್ತಿಲ್ಲ.

ನಾನು ಶ್ರೀರಂಗಪಟ್ಟಣದ ಪೇಟೆಯಲ್ಲಿ ಬೆಳೆದವಳು, ಡಿಗ್ರಿ ಓದಿದವಳು. ಸೀರೆಗೆ ಹೊಂದುವ ಬಳೆ, ಬಳೆಗೆ ಹೊಂದುವ ಚಪ್ಪಲಿ ಹುಡುಕಿ ಹಾಕಿಕೊಳ್ಳುವವಳು. ರತ್ನಕ್ಕ ಚಿನಕುರಳಿಯವಳು. ಅವಳ ಅಪ್ಪ ಕಲ್ಲುಕ್ವಾರಿಯಲ್ಲಿ ಕೆಲಸ ಮಾಡಿದವರು. ಅವಳು ಮದುವೆಯಾಗಿ ಬಂದ ದಿನದಿಂದ ಎಮ್ಮೆ, ಹಸು, ಡೈರಿ ಅಂತ ಮುಳುಗಿದವಳು. ರವಿಕೆ ಒಂದು ಬಣ್ಣ, ಸೀರೆ ಇನ್ನೊಂದು ಬಣ್ಣ. ಹಾಗಾಗಿ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು — ಅಂದಚೆಂದದ ಮಾತು ಬಂದರೆ ಸುಮಾಳನ್ನು ಕೇಳಬೇಕು. ಸುಮಾ ಅಂದರೆ ನಾನು.

ನಾದಿನಿಗೆ ನಾಗಮಂಗಲದ ಸಂಬಂಧ ಕುದುರಿತು. ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ನಮ್ಮ ಮನೆಗೇ ಬರುವವರಿದ್ದರು. ಆಗ ನಮ್ಮದು ಹಳೆಯ ಬಚ್ಚಲು: ಒಲೆ, ಒಲೆಯ ಮೇಲೆ ತಾಮ್ರದ ಹಂಡೆ, ಹೊಗೆ ಹಿಡಿದು ಕಪ್ಪಾದ ಗೋಡೆ. ಅದನ್ನು ಒಡೆಸಿ ಹೊಸದು ಮಾಡಿಸುವುದು ಅಂತಾಯಿತು. ಬಣ್ಣದ ಜವಾಬ್ದಾರಿ ನನಗೆ ಬಂತು. ನಾನು ಮೈಸೂರು ರಸ್ತೆಯ ಅಂಗಡಿಯೊಂದರಿಂದ ಐದಾರು ಟೈಲ್ಸ್ ಮಾದರಿಗೆಂದು ತಂದು ಜಗಲಿಯ ಮೇಲೆ ಹರಡಿದೆ. ನನ್ನ ಕಣ್ಣು ಮೊದಲಿಂದಲೂ ಒಂದರ ಮೇಲೇ ಇತ್ತು — ತಿಳಿ ಗುಲಾಬಿ ಬಣ್ಣ, ಮೂಲೆಯಲ್ಲಿ ಗುಲಾಬಿ ಗೊಂಚಲು. ಅದಕ್ಕೆ ಚಿನ್ನದ ಅಂಚಿನ ಕನ್ನಡಿ, ನೇರಳೆ ಬಕೆಟ್ಟು, ನೇರಳೆ ಜಗ್ಗು. ಮನಸ್ಸಿನಲ್ಲಿ ಎಲ್ಲ ಜೋಡಿಸಿಟ್ಟುಬಿಟ್ಟಿದ್ದೆ.

ರತ್ನಕ್ಕ ಹಾಲು ಕರೆದು ಬಂದವಳು ನಿಂತು ನೋಡಿದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, ನನ್ನನ್ನು ಒಂದು ಮಾತೂ ಕೇಳದೆ ಅಷ್ಟರ ಮೇಲೂ ಸುರಿದುಬಿಟ್ಟಳು.

"ಅಯ್ಯೋ, ಏನಕ್ಕ ಇದು!"

"ಒಣಗಿರೋದ್ನ ಏನ್ ನೋಡೀಯಮ್ಮಿ? ಬಚ್ಚಲು ಯಾವತ್ತಾರ ಒಣಗಿರ್ತದಾ? ನಮ್ಮಪ್ಪ ಕಲ್ ಆರಿಸ್ಬೇಕಾದ್ರೆ ನೀರ್ ಉಯ್ದೇ ನೋಡ್ತಿದ್ದುದು. ನೀರ್ ಬಿದ್ಮ್ಯಾಕೇ ಅದ್ರ ಬಣ್ಣ ಗೊತ್ತಾಗದು."

ನಾನು ನೋಡಿದೆ. ನನ್ನ ಗುಲಾಬಿ ಒದ್ದೆಯಾದ ಕೂಡಲೇ ಜ್ವರ ಬಂದವರ ಮುಖದ ಹಾಗೆ ಬಿಳಿಚಿಕೊಂಡಿತ್ತು. ನಾನು ಬೇಡವೆಂದು ಪಕ್ಕಕ್ಕೆ ಸರಿಸಿದ್ದ ಒರಟು ಕೆಂಪು ಬಿಲ್ಲೆ — ಇದು ಅದೇನಾ ಅನ್ನಿಸುವಷ್ಟು ಬದಲಾಗಿತ್ತು. ಮಳೆ ಬಿದ್ದ ಹೊಲದ ಬಣ್ಣ.

"ಹಂಡೆಗೆ ಬಳಿಯಕಿಲ್ವಾ, ಅಂಗೆ ಮಾಡ್ಸು. ಕೆಳೀಕೆ ಕೆಮ್ಮಣ್ಣು, ಮ್ಯಾಲೆ ಸುಣ್ಣ. ಹಂಡೆ ಮಾರ್ಬ್ಯಾಡ, ಮೂಲೇಲಿ ಇರ್ಲಿ. ನಲ್ಲಿ, ಟವಲ್ ಕಂಬಿ ಎಲ್ಲಾ ಹಂಡೆ ಬಣ್ಣದ್ದೇ ಸಿಕ್ತಾವಾ ನೋಡು. ಬಕೀಟು ಬಿಳೀದು ಸಾಕು. ಹಂಡೆ ಕತ್ಗೆ ಬಳ್ಳಿ ಕಟ್ತೀವಲ್ಲ — ಅಂಗೆ ಎಲ್ಲಾದ್ರೂ ಒಂದ್ಕಡೆ ಹಸ್ರು ಇರ್ಲಿ. ಒಂದೇ ಕಡೆ."

ಇಷ್ಟು ಹೇಳಿ ಅವಳು ಡೈರಿಗೆ ಹಾಲು ಹಾಕಲು ಹೋದಳು. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ನಮ್ಮ ಕಡೆ ಬಚ್ಚಲು ತೊಳೆದು, ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತುತ್ತೇವೆ. ವರ್ಷ ವರ್ಷವೂ ಆ ಕೆಲಸ ಮಾಡುತ್ತಿದ್ದವಳು ರತ್ನಕ್ಕನೇ. ನಾನು ವರ್ಷ ವರ್ಷವೂ ಅದನ್ನು ನೋಡಿದ್ದೆ, ಆದರೆ ಒಮ್ಮೆಯೂ — ಇರಲಿ.

ಅವಳು ಹೇಳಿದಂತೆಯೇ ಮಾಡಿಸಿದೆ. ಒಂದು ಕೂದಲೆಳೆಯೂ ಬದಲಿಸಲಿಲ್ಲ. ಹಸಿರು ಟವಲ್ಲು ಹುಡುಕಲು ಮೈಸೂರಿಗೆ ಎರಡು ಸಲ ಹೋಗಿಬಂದವಳು ನಾನು — ಅಷ್ಟು ಮಾತ್ರ ನನ್ನ ಪಾಲು. ಕೊನೆಯ ದಿನ ಎಲ್ಲ ಜೋಡಿಸಿ, ಹಂಡೆಯನ್ನು ಹುಣಸೇಹಣ್ಣಿನಲ್ಲಿ ತಿಕ್ಕಿ ಮೂಲೆಗಿಟ್ಟು, ನೆಲಕ್ಕೆ ನೀರು ಚೆಲ್ಲಿದಾಗ ಆ ಕೋಣೆ ಬೆಳಗಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ನಿಶ್ಚಿತಾರ್ಥದ ದಿನ ಗಂಡಿನ ದೊಡ್ಡಮ್ಮ ಬಚ್ಚಲಿಂದ ಹೊರಬಂದವರು ಪಡಸಾಲೆಯ ನಡುವೆ ನಿಂತು ಕೇಳಿದರು: "ಯಾರವ್ವಾ ಇದ್ನ ಆರಿಸಿದ್ದು? ಇಂಥಾದ್ದ ನಾನ್ ಎಲ್ಲೂ ಕಂಡಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ರತ್ನಕ್ಕ ಕಾಫಿ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ಇದ್ದಳು.

"ನಾನೇ" ಅಂದೆ.

ಬಾಯಿತಪ್ಪಿ ಬಂದ ಮಾತಲ್ಲ ಅದು. ಹೇಳುವ ಮುಂಚೆ ಒಮ್ಮೆ ಅವಳ ಕಡೆ ನೋಡಿದ್ದೆ. ನೋಡಿಯೇ ಹೇಳಿದೆ. ಭಾವ ಉಬ್ಬಿಹೋಗಿ ಹೆಂಡತಿಗೆ, "ನೋಡ್ ಕಲ್ತ್ಕೋ ಕಣಮ್ಮಿ, ನಿಂಗೆ ಕೊಟ್ಗೆ ಬಣ್ಣ ಒಂದ್ ಬುಟ್ರೆ ಏನ್ ಗೊತ್ತು" ಅಂದರು. ಎಲ್ಲರೂ ನಕ್ಕರು. ರತ್ನಕ್ಕ ಆ ದೊಡ್ಡಮ್ಮನಿಗೆ ಲೋಟ ಕೊಡುತ್ತಾ, "ಊಂ ಕಣವ್ವ, ಅವ್ಳೇ ಆರಿಸಿದ್ದು" ಅಂದಳು. ನನ್ನ ಸುಳ್ಳಿಗೆ ಸಾಕ್ಷಿ ಹೇಳಿದಳು. ನಾನೂ ಕಾಫಿ ತೆಗೆದುಕೊಂಡು ಕುಡಿದೆ.

ಆಮೇಲೆ ಕೇಳಬೇಕೆ. ಕೆ.ಆರ್. ಪೇಟೆಯಲ್ಲಿ ಮನೆ ಕಟ್ಟಿಸುವ ನೆಂಟರಿಂದ ಫೋನು, ಪಾಂಡವಪುರದ ಗೆಳತಿಯಿಂದ ಫೋನು. "ಒಣಗಿದ್ದನ್ನು ನೋಡಬೇಡಿ, ನೀರು ಹಾಕಿ ನೋಡಿ" ಅಂತ ನಾನು ಗಂಭೀರವಾಗಿ ಹೇಳುತ್ತಿದ್ದೆ, ಎಲ್ಲಿಯೋ ಓದಿ ಪಾಸಾದವಳ ಹಾಗೆ. ಹೇಳಿ ಹೇಳಿ ನನಗೇ ಅದು ನನ್ನ ಮಾತು ಅನ್ನಿಸಿಹೋಗಿತ್ತು.

ಇಲ್ಲಿಗೇ ನಿಂತಿದ್ದರೆ ಇದು ಒಂದು ಜಂಬದ ಕಥೆಯಾಗುತ್ತಿತ್ತು. ಮುಂದಿನದು ಹಾಗಲ್ಲ.

ಮರುವರ್ಷ ಮಹಡಿ ಕಟ್ಟಿಸಿ ಭಾವನ ಸಂಸಾರ ಮೇಲಕ್ಕೆ ಹೋಯಿತು. ಅಲ್ಲಿಗೊಂದು ಬಚ್ಚಲು. "ಸುಮಾನೇ ಆರಿಸ್ಲಿ" ಅಂದರು ಭಾವ. ರತ್ನಕ್ಕನ ಸ್ವಂತ ಬಚ್ಚಲು, ಅವಳ ಬದುಕಿನಲ್ಲಿ ಮೊದಲನೆಯದು — ಅವಳನ್ನು ಯಾರೂ ಕೇಳಲಿಲ್ಲ. ನಾನಾದರೂ ಕೇಳಬಹುದಿತ್ತು. ಕೇಳಿದರೆ ಅವಳು ಮತ್ತೆ ಚೊಂಬು ತರುತ್ತಾಳೆ, ಭಾವ ನೋಡುತ್ತಾರೆ, ಹಳೆಯದೆಲ್ಲ ಹೊರಗೆ ಬೀಳುತ್ತದೆ — ಈ ಭಯ ನನಗೆ. ಅದಕ್ಕೇ ಕೇಳಲಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದ ಹಾಗೆ, ನನ್ನ ಸ್ವಂತ ಬುದ್ಧಿಯನ್ನು ಅವಳ ಬಚ್ಚಲಿನಲ್ಲಿ ಪರೀಕ್ಷಿಸಿದೆ. ಮೊಬೈಲಿನಲ್ಲಿ ನೋಡಿ ಸಮುದ್ರದ ನೀಲಿ ಆರಿಸಿದೆ. ಮೀನಿನ ಚಿತ್ರ, ಚಿಪ್ಪಿನ ಆಕಾರದ ಸೋಪಿನ ಬಟ್ಟಲು, ಬೆಳ್ಳಿಯ ಹಾಗೆ ಹೊಳೆಯುವ ನಲ್ಲಿ. ಊರಿಗೆಲ್ಲ ನೀರು ಹಾಕಿ ನೋಡಿ ಅಂದವಳು ಅವತ್ತು ಒಂದು ಹನಿಯನ್ನೂ ಹಾಕಿ ನೋಡಲಿಲ್ಲ. ನೀರು ಬಿದ್ದಾಗ ಆ ಕೋಣೆ ಬಟ್ಟೆಗೆ ನೀಲಿ ಹಾಕಿದ ಬಕೆಟ್ಟಿನ ಹಾಗಾಯಿತು.

"ಚೆಂದಾಗದೆ" ಅಂದಳು ರತ್ನಕ್ಕ. ಆದರೆ ಸ್ನಾನಕ್ಕೆ ಮಾತ್ರ ದಿನಾ ಕೆಳಗೆ ಬರುತ್ತಿದ್ದಳು. "ಮ್ಯಾಗಡೆ ನೀರು ಬಿಸಿ ಆಗಕಿಲ್ಲ ಕಣಮ್ಮಿ" ಅನ್ನುವಳು. ಇರಬಹುದು ಅಂದುಕೊಂಡೆ.

ಈ ಸಲದ ನೀರು ತುಂಬುವ ಹಬ್ಬಕ್ಕೆ ನಾದಿನಿ ಬಂದಿದ್ದಳು. ರತ್ನಕ್ಕ ಕೆಳಗಿನ ಬಚ್ಚಲಿನಲ್ಲಿ ಹಂಡೆಗೆ ಪಟ್ಟೆ ಬಳಿಯುತ್ತಿದ್ದಳು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ನಾದಿನಿ, "ನಮ್ಮತ್ತೆಯೋರು ಇವತ್ತಿಗೂ ಈ ಬಚ್ಚಲು ಮಾಡ್ಸಿದ್ದಕ್ಕೆ ನಿಮ್ಮನ್ನ ಒಗಳ್ತಾರೆ ಅತ್ಗೆ" ಅಂದಳು. ಕೆಮ್ಮಣ್ಣಿನ ಪಟ್ಟೆ, ಅದರ ಹಿಂದೆ ಅದೇ ಬಣ್ಣದ ಗೋಡೆ, ನಡುವೆ ಅವಳ ಕೈ — ಎಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದು ನನಗೆ ತಡೆಯಲಾಗಲಿಲ್ಲ. "ಇದನ್ನ ಆರಿಸಿದ್ದು ನಾನಲ್ಲ, ರತ್ನಕ್ಕ. ಎಲ್ಲಾನೂ ಅವಳೇ. ಅವತ್ತು ಸುಳ್ಳು ಹೇಳಿದೆ" ಅಂದುಬಿಟ್ಟೆ.

ಭಾವ ಜೋರಾಗಿ ನಕ್ಕರು. "ನೋಡ್ರಪ್ಪಾ, ದೊಡ್ಡ ಮನ್ಸು ಅಂದ್ರೆ ಇದು. ಪಾಪ ಅಂತ ಅವ್ಳ ಎಸ್ರು ಯೋಳ್ತಾವ್ಳೆ!"

ಯಾರೂ ನಂಬಲಿಲ್ಲ. ಸುಳ್ಳಿಗೆ ಸಿಕ್ಕ ಹೊಗಳಿಕೆಯ ಮೇಲೆ ನಿಜ ಹೇಳಿದ್ದಕ್ಕೂ ಹೊಗಳಿಕೆ ಸಿಕ್ಕಿತು, ಅದೂ ನನಗೇ. ರತ್ನಕ್ಕ ಮುಂದಿನ ಪಟ್ಟೆ ಬಳಿಯತೊಡಗಿದಳು.

ಎಲ್ಲರೂ ಹೋದ ಮೇಲೆ ಹಂಡೆಗೆ ನೀರು ತುಂಬುತ್ತಾ ಅವಳೇ ಮಾತೆತ್ತಿದಳು. "ಓಗ್ಲಿ ಬುಡಮ್ಮಿ. ಇದ್ ಯಾರ್ ಆರಿಸಿದ್ರೇನು, ದಿನಾ ನೋಡ್ತೀನಲ್ಲ." ಹಂಡೆ ತುಂಬಿದ ಮೇಲೆ, "ಆದ್ರೆ ಆ ನೀಲಿ ನಂಗೆ ಸೇರಕಿಲ್ಲ ಕಣೆ. ಅಲ್ ನಿಂತ್ರೆ ಚಳಿ ಆಯ್ತದೆ" ಅಂದಳು.

ಅವತ್ತೇ ಮೇಲಕ್ಕೆ ಹೋಗಿ ನಲ್ಲಿ ತಿರುಗಿಸಿದೆ. ಕೈ ಸುಡುವಷ್ಟು ಬಿಸಿನೀರು ಬಂತು.

ಭಾವನನ್ನು ಮತ್ತೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದ್ದೇನೆ — ಜಗಲಿ, ಚೊಂಬು, ಅವಳ ಅಪ್ಪನ ಕಲ್ಲು, ನನ್ನ ಭಯ. ಈ ಸಲ ಅವರು ನಗಲಿಲ್ಲ. ದೀಪಾವಳಿ ಕಳೆದ ಮೇಲೆ ಗಾರೆಯವನು ಬಂದು ಮೇಲಿನ ನೀಲಿಯನ್ನು ಒಡೆಯುತ್ತಾನೆ. ಅಂಗಡಿಗೆ ರತ್ನಕ್ಕನೇ ಬರುತ್ತಾಳೆ, ಡೈರಿಯ ಕೆಲಸ ಮುಗಿಸಿಕೊಂಡು. ಅಲ್ಲಿ ನಾನು ಬಾಯಿ ಬಿಡುವುದಿಲ್ಲ. ಮನೆಯಿಂದ ಚೊಂಬು ಒಯ್ದು, ಅವಳು ತೋರಿಸಿದ ಬಿಲ್ಲೆಗಳ ಮೇಲೆ ನೀರು ಹೊಯ್ಯುತ್ತೇನೆ.